ಪರಮಶಿವಯ್ಯನ ತುಂಬು ಅಳತೆ

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಪರಮಶಿವಯ್ಯನ ಎಣ್ಣೆ ಅಂಗಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪಾವು ಎಣ್ಣೆ ಕೇಳಿದರೆ ಪಾವಿನ ಅಂಚಿನ ಮೇಲೆ ಎಣ್ಣೆ ಉಬ್ಬಿ ನಿಲ್ಲುವವರೆಗೆ ಸುರಿಯುತ್ತಿದ್ದ. ಅದನ್ನು ಗಿರಾಕಿಯ ಸೀಸೆಗೆ ಬಗ್ಗಿಸಿ, ಪಾವನ್ನು ಬೋರಲು ಹಿಡಿದು, ಕೊನೆಯ ಹನಿ ಬೀಳುವ ತನಕ ಕಾಯುತ್ತಿದ್ದ. ಆಮೇಲೆ ಕೊಸರು ಅಂತ ಇನ್ನೊಂದು ಸೌಟು. ಬಸ್ಸಿಗೆ ಹೊತ್ತಾದವರು ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. “ಆ ಕೊನೆ ಅನಿ ಬೀಳೋ ವೊತ್ಗೆ ರೈಲು ಮೈಸೂರ್ಗೋಗಿ ವಾಪಸ್ ಬಂದಿರ್ತದೆ ಕಣ್ಲಾ” ಎನ್ನುವುದು ಊರಿನ ಮಾತು. ಆದರೆ ಅಳತೆಯಲ್ಲಿ ಕಡಿಮೆ ಕೊಟ್ಟ ಅಂತ ಒಬ್ಬನೂ ಅಂದಿರಲಿಲ್ಲ. ಐವತ್ತು ದಾಟಿದ ಪರಮಶಿವಯ್ಯನಿಗೆ ತನ್ನದು ಅಂತ ಹೇಳಿಕೊಳ್ಳಲು ಇದ್ದ ದೊಡ್ಡಸ್ತಿಕೆ ಅದೊಂದೇ.

ಅವನು ವೈನಿನ ವ್ಯವಹಾರಕ್ಕೆ ಸಿಕ್ಕಿಬಿದ್ದದ್ದೂ ಈ ದೊಡ್ಡಸ್ತಿಕೆಯಿಂದಲೇ.

1957ರ ಮೇ ತಿಂಗಳು. ಅರಕಲಗೂಡಿನ ಆಚೆಗೆ ಕಾಫಿ ತೋಟ ಮಾಡಿಕೊಂಡಿದ್ದ ಹ್ಯಾಮಂಡ್ ದೊರೆ ತೋಟ ಮಾರಿ ಇಂಗ್ಲೆಂಡಿಗೆ ಹೊರಟಿದ್ದ. ಬಂಗಲೆಗೆ ತುಪ್ಪ, ದೀಪದ ಎಣ್ಣೆ ಎಲ್ಲ ವರ್ಷಗಟ್ಟಲೆ ಹೋಗುತ್ತಿದ್ದದ್ದು ಪರಮಶಿವಯ್ಯನ ಅಂಗಡಿಯಿಂದ. ರೈಲು ಹಿಡಿಯಲು ಹೊಳೆನರಸೀಪುರಕ್ಕೆ ಬಂದ ದೊರೆ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಂದು ಮರದ ಪೆಟ್ಟಿಗೆ ಇಳಿಸಿದ. ಒಳಗೆ ಹುಲ್ಲಿನ ನಡುವೆ ಹನ್ನೆರಡು ಹಸಿರು ಸೀಸೆ. ಫ್ರಾನ್ಸಿನ ಬೋರ್ದೋ ಸೀಮೆಯ ಕೆಂಪು ವೈನ್, 1929ನೇ ಇಸವಿಯದು. ಶನಿವಾರಸಂತೆಯ ಕ್ಯಾಪ್ಟನ್ ಬೋಪಯ್ಯನಿಗೆ ಕೊಡಬೇಕಾದದ್ದು. ಕ್ಯಾಪ್ಟನ್ ಆಗ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಂಡಿಚಿಪ್ಪು ರಿಪೇರಿ ಮಾಡಿಸಿಕೊಳ್ಳುತ್ತಿದ್ದ. ಮಳೆಗಾಲ ಮುಗಿದ ಮೇಲೆ ಬಂದು ಒಯ್ಯುತ್ತಾನೆ, ಸೀಸೆ ಇಟ್ಟುಕೊಳ್ಳಲು ಅವನ ಬಳಿ ಪರ್ಮಿಟ್ ಇದೆ, ಅಮಲ್ದಾರರಿಗೂ ತಿಳಿಸಿದ್ದೇನೆ ಎಂದು ದೊರೆ ತನ್ನ ತೋಟಗನ್ನಡದಲ್ಲಿ ಹೇಳಿದ.

“ಬೇರೆಯವರ್ಗೆ ಕೊಟ್ರೆ ಅವ್ರು ಕುಡೀತಾರೆ. ನೀನು ಕುಡ್ಯಲ್ಲ. ಅದ್ಕೇ ನಿಂಗೆ” ಎಂದು ಕೈ ಕುಲುಕಿ ಹೋದ.

ಲಿಂಗಧಾರಿಯ ಮನೆಯೊಳಗೆ ಹೆಂಡದ ಪೆಟ್ಟಿಗೆ ಇಡುವುದು ಹೇಗೆ ಎಂದು ಹೆಂಡತಿ ಪುಟ್ಟತಾಯಮ್ಮ ಕೇಳಿದಳು. “ಇನ್ನೊಬ್ರ ಒಡವೆ ಕಣೆ. ಒಡವೇಗೆ ಜಾತಿ ಇಲ್ಲ” ಎಂದು ಪರಮಶಿವಯ್ಯ ಪೆಟ್ಟಿಗೆಯನ್ನು ಅಂಗಡಿಯ ಹಿಂದಿನ ಉಗ್ರಾಣದಲ್ಲಿ, ಹಿಂಡಿ ಮೂಟೆಗಳ ಮರೆಗೆ ಇರಿಸಿದ.

ಅಲ್ಲಿಗೆ ಬಿಟ್ಟಿದ್ದರೆ ಕಥೆ ಇರುತ್ತಿರಲಿಲ್ಲ. ಇಲಿ ಹುಲ್ಲು ಕಡಿಯುತ್ತಿದೆಯೋ ಏನೋ ಎಂದು ಜೂನ್ ತಿಂಗಳಲ್ಲಿ ಒಂದು ದಿನ ಪೆಟ್ಟಿಗೆ ತೆರೆದ. ಸೀಸೆಗಳನ್ನು ಒಂದೊಂದಾಗಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ಒಂದು ಸೀಸೆಯೂ ತುಂಬಿರಲಿಲ್ಲ. ಒಂದರಲ್ಲಿ ಎರಡು ಬೆರಳು ಕಡಿಮೆ, ಇನ್ನೊಂದರಲ್ಲಿ ಮೂರು. ಎರಡು ಸೀಸೆಗಳಲ್ಲಂತೂ ವೈನು ಕತ್ತು ಬಿಟ್ಟು ಹೆಗಲಿಗೆ ಇಳಿದಿತ್ತು.

ಹಳೆಯ ವೈನು ಬಿರಡೆಯ ಮೂಲಕ ವರ್ಷಕ್ಕಿಷ್ಟು ಅಂತ ಆವಿಯಾಗುತ್ತದೆ, ಇಪ್ಪತ್ತೆಂಟು ವರ್ಷದ ಸೀಸೆ ಅಷ್ಟು ಇಳಿದಿರುವುದೇ ಅದರ ವಯಸ್ಸಿಗೆ ಸಾಕ್ಷಿ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ತಿಳಿದದ್ದು ಇಷ್ಟೇ: ತನ್ನ ಅಂಗಡಿಯಲ್ಲಿ ಇಟ್ಟ ಮಾಲು ಅಳತೆಗೆ ಕಡಿಮೆ ಇದೆ. ಕ್ಯಾಪ್ಟನ್ ಬಂದು ನೋಡಿದರೆ ಏನೆಂದುಕೊಂಡಾನು? ಒಂದೋ ಪರಮಶಿವಯ್ಯ ಕುಡಿದ, ಇಲ್ಲವೇ ಮಾರಿಕೊಂಡ.

ಅವನು ಕಾಂಪೌಂಡರ್ ಚೆನ್ನಯ್ಯನನ್ನು ಕರೆಸಿದ. ಪೇಟೆಯ ಡಾಕ್ಟರೊಬ್ಬರ ಬಳಿ ಔಷಧ ಬೆರೆಸುತ್ತಿದ್ದ ಚೆನ್ನಯ್ಯ ಸೀಸೆ, ಬಿರಡೆ, ಲಾಳಿಕೆಗಳ ವಿಷಯದಲ್ಲಿ ಊರಿಗೇ ಪಂಡಿತ. ಅವನು ಸೀಸೆಗಳನ್ನು ನೋಡಿ ಕೇಳಿದ:

“ನೀರ್ ಬೆರ್ಸಿ ತುಂಬ್ಸಾದಾ?”

“ಥೂ ನಿನ್ನ. ಕಲಬೆರಕೆ ಮಾಡು ಅಂತ ಯೋಳಕ್ಕೆ ನಿನ್ನ ಕರೆದ್ನಾ? ಈ ಎರಡು ಸೀಸೆ ಬಾಳ ಕಮ್ಮಿ ಅವೆ. ಇವನ್ನ ಬಗ್ಸಿ ಉಳ್ದ ಅತ್ತು ಸೀಸೆಗೂ ತುಂಬ್ಸು. ಅತ್ತಾದ್ರೂ ಪೂರ್ತಿ ಇರ್ಲಿ.”

“ಎರಡು ಲುಕ್ಸಾನಲ್ವಾ ಅಣ್ಣ?”

“ಲುಕ್ಸಾನು ಬೇರೆ, ಮೋಸ ಬೇರೆ ಕಣಯ್ಯ. ಎರಡು ಯಾಕಿಲ್ಲ ಅಂದ್ರೆ ಕಾರಣ ಯೋಳ್ತೀನಿ. ಅನ್ನೆರಡೂ ಯಾಕ್ ಕಮ್ಮಿ ಅಂದ್ರೆ ಏನ್ ಯೋಳ್ಳಿ?”

ತಿರುಪು ಹಾಕಿ ಎಳೆದಾಗ ಹಳೆಯ ಬಿರಡೆಗಳಲ್ಲಿ ಕೆಲವು ಪುಡಿಯಾದವು, ಕೆಲವು ಇಡಿಯಾಗಿ ಬಂದವು. ಪರಮಶಿವಯ್ಯ ಮೂಗಿಗೆ ವಲ್ಲಿ ಕಟ್ಟಿಕೊಂಡು, ಹಣೆಗೆ ಇನ್ನೊಂದು ಸಲ ವಿಭೂತಿ ಇಟ್ಟುಕೊಂಡು, ಸೀಸೆಗಳನ್ನು ತಾನೇ ಹಿಡಿದ. ಚೆನ್ನಯ್ಯ ಸುರಿದ. ಬೆರಳಿಗೆ ಹತ್ತಿದ್ದನ್ನು ನೆಕ್ಕಿ “ಟಿಂಚರ್ ಇದ್ದಂಗದೆ” ಎಂದು ವರದಿ ಮಾಡಿದ. ಹತ್ತು ಸೀಸೆಗಳಲ್ಲೂ ವೈನು ಕತ್ತಿನವರೆಗೆ, ನೂಲು ಹಿಡಿದ ಹಾಗೆ ಒಂದೇ ಮಟ್ಟಕ್ಕೆ ನಿಂತಿತು. ಹಾಸನದ ಬಸ್‌ಸ್ಟ್ಯಾಂಡಿನ ಬಳಿಯ ಔಷಧದ ಅಂಗಡಿಯಿಂದ ಚೆನ್ನಯ್ಯ ತಂದುಕೊಟ್ಟ ಹೊಸ ಬಿರಡೆಗಳನ್ನು ಬಡಿದು, ಮೇಲೆ ಕೆಂಪು ಅರಗು ಕರಗಿಸಿ, ಪರಮಶಿವಯ್ಯ ತನ್ನ ತುಪ್ಪದ ಡಬ್ಬಗಳಿಗೆ ಒತ್ತುವ ‘ಪ’ ಮುದ್ರೆಯನ್ನು ಒತ್ತಿದ. ಉಳಿದ ಗಸಿಯನ್ನು ಹಿತ್ತಲ ನುಗ್ಗೆಮರಕ್ಕೆ ಸುರಿದ. ಖಾಲಿಯಾದ ಎರಡು ಸೀಸೆಗಳನ್ನು ಬಿಸಾಡಲಿಲ್ಲ. ಎಣ್ಣೆ ವ್ಯಾಪಾರಿ ಸೀಸೆ ಬಿಸಾಡುವುದುಂಟೇ? ಅವಕ್ಕೆ ಹರಳೆಣ್ಣೆ ತುಂಬಿ ಅಂಗಡಿಯ ಹಲಗೆಯ ಮೇಲೆ ಇಟ್ಟ. ಇಡಿಯಾಗಿ ಬಂದ ಬಿರಡೆಗಳನ್ನು ತೊಳೆದು ಒಣಗಿಸಿ ಡಬ್ಬಿಗೆ ಹಾಕಿದ. ಬಾಯಿಗೆ ಬಟ್ಟೆ ತುರುಕಿದ ಸೀಸೆ ತರುವ ಗಿರಾಕಿಗಳಿಗೆ ಕೊಸರಿನ ಜೊತೆಗೆ ಒಂದು ಬಿರಡೆ.

ಅಂದು ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು.

ಅಕ್ಟೋಬರ್‌ನಲ್ಲಿ ಕ್ಯಾಪ್ಟನ್ ಬೋಪಯ್ಯನ ಜೀಪು ಪೇಟೆಬೀದಿಗೆ ಬಂತು. ದಪ್ಪ ಮೀಸೆಯ, ಕೋಲೂರಿ ನಡೆಯುವ ಮನುಷ್ಯ. ವೈನಿನ ಬಗ್ಗೆ ಅವನ ತಿಳಿವಳಿಕೆ ನಿಜವಾದದ್ದು; ಯುದ್ಧಕಾಲದಲ್ಲಿ ಇಟಲಿಯಲ್ಲಿದ್ದಾಗ ಕಲಿತದ್ದು. ಕುಡಿಯುವುದಕ್ಕೆ ಅವನಿಗೆ ರಮ್ ಸಾಕು. ಹಳೆಯ ವೈನು ಕಪಾಟಿನಲ್ಲಿ ಜೋಡಿಸಿಡುವುದಕ್ಕೆ. ಬೆಂಗಳೂರು, ಊಟಿ, ಕೂನೂರುಗಳಲ್ಲಿ ಆಗ ಇಂಥವರು ಕೆಲವರಿದ್ದರು. ದೊರೆಗಳು ಊರು ಬಿಟ್ಟಂತೆಲ್ಲ ಅವರ ನೆಲಮಾಳಿಗೆಯ ಸೀಸೆಗಳು ಹೊರಗೆ ಬಂದವು; ಅವುಗಳ ಹಿಂದೆಯೇ ಕಳ್ಳ ಸೀಸೆಗಳೂ ಬಂದವು. ಕ್ಯಾಪ್ಟನ್ ಒಂದು ಸಲ ಮೋಸ ಹೋಗಿದ್ದ. ಅದನ್ನು ಕಂಡುಹಿಡಿದವನು ಊಟಿಯಲ್ಲಿದ್ದ ಅವನ ಗೆಳೆಯನೂ ಎದುರಾಳಿಯೂ ಆದ ಒಬ್ಬ ಕರ್ನಲ್. ಆಮೇಲೆ ಕ್ಯಾಪ್ಟನ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ಸೀಸೆ ಮುಟ್ಟುತ್ತಿದ್ದ.

ಪರಮಶಿವಯ್ಯ ಹತ್ತು ಸೀಸೆಗಳನ್ನೂ ಒರೆಸಿ, ಮಣೆಯ ಮೇಲೆ ಸಾಲಾಗಿ ನಿಲ್ಲಿಸಿದ್ದ. ಶಭಾಸ್ ಎನ್ನಿಸಿಕೊಳ್ಳಲು ಪಕ್ಕದಲ್ಲಿ ನಿಂತಿದ್ದ.

ಕ್ಯಾಪ್ಟನ್ ಬಗ್ಗಿ ಮಟ್ಟ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

“ಯಜಮಾನರೇ, ಇದು ಯಾವ ಇಸವಿಯದು?”

“ಇಪ್ಪತ್ತೊಂಬತ್ತು ಅಂತ ದೊರೆ ಯೋಳುದ್ರು ಸಾ.”

“ಇಪ್ಪತ್ತೊಂಬತ್ತರ ವೈನು ಹೀಗೆ ಗಂಟಲಿನ ತನಕ ಇರುತ್ತಾ? ನಿನ್ನೆ ತುಂಬಿದ ಹಾಗಿದೆ.”

“ನಮ್ಮಂಗ್ಡೀಲಿ ಯಾವ್ದೂ ಕಮ್ಮಿ ಇರಕಿಲ್ಲ ಸಾ” ಎಂದ ಪರಮಶಿವಯ್ಯ ಸಂತೋಷದಿಂದ.

ಕ್ಯಾಪ್ಟನ್ ಅರಗಿನ ಮೇಲಿನ ‘ಪ’ ಅಕ್ಷರವನ್ನು ಉಗುರಿನಿಂದ ಕೆರೆದ. ಫ್ರಾನ್ಸಿನಲ್ಲಿ ಕನ್ನಡ ಕಲಿಸುತ್ತಾರೆಂದು ತನಗೆ ಗೊತ್ತಿರಲಿಲ್ಲ ಎಂದ. ಜೇಬಿನಿಂದ ತಿರುಪು ತೆಗೆದು ಒಂದು ಸೀಸೆಯ ಬಿರಡೆ ಎಳೆದ. ಬಿಳಿಯ ಹೊಸ ಬಿರಡೆ; ತಲೆಯ ಮೇಲೆ ಸಣ್ಣ ನಕ್ಷತ್ರದ ಗುರುತು. ಸೀಸೆಯನ್ನು ಮೂಗಿಗೆ ಹಿಡಿದು ತಕ್ಷಣ ದೂರ ಮಾಡಿದ.

“ವಿನಿಗರ್. ಶುದ್ಧ ಹುಳಿನೀರು. ದೊರೆಯ ವೈನು ಏನಾಯಿತು?”

“ಇದೇ ಸಾ ದೊರೆ ವೈನು.”

“ನಾನು ನಾಳೆಯೇ ದೊರೆಗೆ ಕಾಗದ ಬರೀತೀನಿ. ನೀನು ನಂಬಿದ ಎಣ್ಣೆ ವ್ಯಾಪಾರಿ ನಿನ್ನ ವೈನು ನುಂಗಿ ಹುಳಿನೀರು ತುಂಬಿಟ್ಟಿದ್ದಾನೆ ಅಂತ.”

ಬೀದಿಯಲ್ಲಿ ಆಗಲೇ ಜನ ನಿಂತಿದ್ದರು. ಪುಟ್ಟತಾಯಮ್ಮ ಒಳಗಿನಿಂದ ಬಾಗಿಲಿಗೆ ಬಂದಳು.

“ಅಸಲಿ ಮಾಲು ಹೇಗಿರುತ್ತೆ ಅಂತ ತೋರಿಸ್ತೀನಿ, ನೋಡಿಕೊಳ್ಳಿ” ಎಂದು ಕ್ಯಾಪ್ಟನ್ ಜೀಪಿನಿಂದ ಒಂದು ಸೀಸೆ ತಂದ. ಅವತ್ತು ಬೆಳಿಗ್ಗೆ ಬೆಂಗಳೂರಿನಿಂದ ಬರುವ ದಾರಿಯಲ್ಲಿ ಚನ್ನರಾಯಪಟ್ಟಣದಲ್ಲಿ ಕೊಂಡದ್ದು. ಅಲ್ಲಿ ಸೋಡಾ ಅಂಗಡಿ ಇಟ್ಟುಕೊಂಡಿರುವ ಸಣ್ಣಯ್ಯ ಹಿಂದೆ ದೊರೆಗಳ ಕ್ಲಬ್ಬಿನಲ್ಲಿ ಬಟ್ಲರ್ ಆಗಿದ್ದನಂತೆ. ಕೊನೆಯ ದೊರೆ ಹೋಗುವಾಗ ಕೈಯಾರೆ ಕೊಟ್ಟ ಸೀಸೆಗಳು, ಮನೆಯಲ್ಲಿ ಕಷ್ಟ, ಇಲ್ಲದಿದ್ದರೆ ಪ್ರಾಣ ಹೋದರೂ ಮಾರುತ್ತಿರಲಿಲ್ಲ ಎಂದು ಕಣ್ಣೀರು ಹಾಕಿದನಂತೆ. ಸೀಸೆಯ ಮೇಲೆ ಬೆರಳು ಹೂಳುವಷ್ಟು ಧೂಳು. ಚೀಟಿ ಅರ್ಧ ಕೊಳೆತಿತ್ತು. ವೈನು ಕತ್ತಿನಿಂದ ಮೂರು ಬೆರಳು ಕೆಳಗೆ.

“ಧೂಳು ಸುಳ್ಳು ಹೇಳೋದಿಲ್ಲ ಯಜಮಾನರೇ. ಮಟ್ಟ ಸುಳ್ಳು ಹೇಳೋದಿಲ್ಲ. ವಾಸನೆ ನೋಡಿ, ನೆಲಮಾಳಿಗೆಯ ವಾಸನೆ.”

ಪುಟ್ಟತಾಯಮ್ಮ ಎರಡು ಸಲ ಸೀನಿದಳು.

“ಇದೇನೂಂದ್ರೆ, ಅಗೇವು ತೆಗ್ದಂಗೆ ವಾಸ್ನೆ” ಎಂದಳು.

ಬೀದಿಯವರೆಲ್ಲ ಮೂಗು ಅರಳಿಸಿ ತಲೆಯಾಡಿಸಿದರು. ರಾಗಿ ತುಂಬಿಡುವ ನೆಲದಡಿಯ ಹಗೇವು ತೆರೆದಾಗ ಬರುವ ಮುಗ್ಗಲು ವಾಸನೆ ಅಲ್ಲಿ ಯಾರಿಗೆ ತಿಳಿಯದು? ಭತ್ತದ ಸೀಮೆಯ ಕ್ಯಾಪ್ಟನ್‌ಗೆ ತಿಳಿಯದು. ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಬಿರಡೆ ಎಳೆದ. ಅದು ಸಲೀಸಾಗಿ ಬಂತು. ಕೆಳಗೆ ಕೆಂಪು ಬಣ್ಣ ಹತ್ತಿತ್ತು, ನಡು ಬೆಳ್ಳಗಿತ್ತು. ತಲೆಯ ಮೇಲೆ ಸಣ್ಣ ನಕ್ಷತ್ರ.

ಕ್ಯಾಪ್ಟನ್ ಎರಡು ಬಿರಡೆಗಳನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ನಿಂತ. ಆಮೇಲೆ ಸೀಸೆಯಿಂದ ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡ. ಅವನ ಮುಖ ಮೊದಲು ಅರಳಿತು, ಆಮೇಲೆ ಬಾಡಿತು.

ಸೀಸೆ ಕೈಯಿಂದ ಕೈಗೆ ಹೋಗಿ ಗುಂಪಿನಲ್ಲಿದ್ದ ಚೆನ್ನಯ್ಯನ ಬಳಿ ನಿಂತಿತು. “ನೇರ್ಳೆಹಣ್ಣು, ಬೆಲ್ಲ” ಎಂದು ಚೆನ್ನಯ್ಯ ಔಷಧದ ಚೀಟಿ ಓದುವವನಂತೆ ಹೇಳಿದ. “ನಾಲ್ಗೆ ಇಡ್ಕತದೆ, ಅಡಿಕೆ ಚೊಗರು ಹಾಕವ್ನೆ. ಏನೇ ಅನ್ನಿ ಸಾ, ನಮ್ಮಣ್ಣಂದ್ಕಿಂತ ಇದೇ ರುಚಿ.”

“ಅಂದರೆ” ಎಂದ ಕ್ಯಾಪ್ಟನ್ ನಿಧಾನವಾಗಿ, “ನೀವೂ ಸಣ್ಣಯ್ಯನೂ ಒಂದೇ ಕಂಪೆನಿ. ಬಿರಡೆ ಕೊಳ್ಳೋದು ಒಂದೇ ಕಡೆ. ಅವನಿಗೆ ಕೆಲಸ ಬರುತ್ತೆ, ನಿಮಗೆ ಬರೋದಿಲ್ಲ. ಅಷ್ಟೇ ವ್ಯತ್ಯಾಸ.”

ಪರಮಶಿವಯ್ಯ ಜೂನ್ ತಿಂಗಳ ಕಥೆಯನ್ನು ಒಂದೂ ಬಿಡದೆ ಹೇಳಿದ. ಕ್ಯಾಪ್ಟನ್ ಕೇಳುತ್ತ ಕೇಳುತ್ತ ತಲೆಗೆ ಕೈಹಚ್ಚಿದ.

“ಕಮ್ಮಿ ಇತ್ತು ಅಂತ ತುಂಬಿಸಿದ್ರಾ?”

“ನಂಬಿ ಕೊಟ್ಟಿದ್ದು ಸಾ. ಎಂಗೆ ಕಮ್ಮಿ ಕೊಡ್ಲಿ?”

“ಸಣ್ಣಯ್ಯ ಮೋಸಗಾರ, ಅವನು ಹುಷಾರಾಗಿ ಮೂರು ಬೆರಳು ಕಮ್ಮಿ ತುಂಬಿದ. ನೀವು ಸಾಚಾ ಆದರೆ ನಾನು ನಂಬೋದು ಹೇಗೆ? ಅಸಲಿ ವೈನಿನ ಬಿರಡೆ ಮೇಲೆ ತೋಟದ ಹೆಸರು, ಇಸವಿ ಸುಟ್ಟು ಒತ್ತಿರ್ತಾರೆ. ಅದನ್ನು ತೋರಿಸಿ. ಎಲ್ಲಿವೆ ಹಳೇ ಬಿರಡೆ?”

ಪರಮಶಿವಯ್ಯ ಡಬ್ಬಿ ತೆಗೆದು ಬೋರಲು ಹಾಕಿದ. ಒಂದು ಜಿರಲೆ ಬಿತ್ತು.

“ಕೊಸರಿಗೆ ಕೊಟ್ಬುಟ್ಟೆ ಸಾ. ಅರಳೆಣ್ಣೆ ತಕಂಡೋದೋರ್ಗೆ.”

ಹೀಗೆ ಕ್ಯಾಪ್ಟನ್ ಬೋಪಯ್ಯ ಮತ್ತು ಪರಮಶಿವಯ್ಯ ಹೊಳೆನರಸೀಪುರದಲ್ಲಿ ಹರಳೆಣ್ಣೆ ಬಳಸುವವರ ಮನೆಗಳನ್ನು ಹುಡುಕಿಕೊಂಡು ಹೊರಟರು. ಹಿಂದೆ ಚೆನ್ನಯ್ಯ, ಅವನ ಹಿಂದೆ ಬೇರೆ ಕೆಲಸವಿಲ್ಲದ ಅರ್ಧ ಪೇಟೆ.

ಮೊದಲು ಸುಬ್ಬಮ್ಮನ ಮನೆ. ಮಗಳು ಬಾಣಂತಿ, ಮಗುವಿಗೆ ಹರಳೆಣ್ಣೆ ಹಾಕುವ ಹೊತ್ತು. ಕೋಲೂರಿಕೊಂಡು ಬಂದ ಮೀಸೆಯವನನ್ನೂ ಎಣ್ಣೆ ಸೀಸೆ ಕೇಳುತ್ತಿರುವ ಪರಮಶಿವಯ್ಯನನ್ನೂ ಸುಬ್ಬಮ್ಮ ನೋಡಿ, ದನಿ ತಗ್ಗಿಸಿ ಕೇಳಿದಳು:

“ಪಾಪ, ಸಾಯೇಬ್ರಿಗೆ ಎಷ್ಟು ದಿನದಿಂದ ಕಟ್ಕಂಡದೆ?”

“ಸಾಯೇಬ್ರಿಗೆ ಎಣ್ಣೆ ಬ್ಯಾಡ ಕಣಮ್ಮ, ಬಿರಡೆ ಬೇಕು” ಎಂದ ಪರಮಶಿವಯ್ಯ.

“ಬಿರಡೆ ನುಂಗುದ್ರೆ ಇನ್ನೂ ಕಟ್ಕತದಲ್ಲಪ್ಪ.”

ಕ್ಯಾಪ್ಟನ್ ಕೆಮ್ಮಿ ಗೋಡೆಯ ಕಡೆ ತಿರುಗಿದ. ಸೀಸೆ ಬಂತು. ಆದರೆ ಅದರ ಬಿರಡೆಯನ್ನು ಎಣ್ಣೆಗೈಯಲ್ಲಿ ಹಿಡಿದು ಹಿಡಿದು ಅಕ್ಷರವೆಲ್ಲ ಅಳಿಸಿತ್ತು. ಕೋಟೆಯದೋ ಕೋಳಿಯದೋ ಅರ್ಧ ಚಿತ್ರ ಉಳಿದಿತ್ತು.

“ಇದು ಸಾಲದು” ಎಂದ ಕ್ಯಾಪ್ಟನ್. ಆದರೆ ಅವನ ನಡಿಗೆ ಚುರುಕಾಯಿತು.

ಎರಡನೆಯದು ಜೋಯಿಸರ ಮನೆ. ಅಲ್ಲಿ ಬಿರಡೆಯನ್ನು ಕುಯ್ದು ಬಿಲ್ಲೆ ಮಾಡಿ ಕುಂಟುವ ಮಣೆಯ ಕಾಲಿಗೆ ಕೊಟ್ಟಿದ್ದರು. ಜೋಯಿಸರು ಅದರ ಮೇಲೆಯೇ ಕೂತು ಪಂಚಾಂಗ ನೋಡುತ್ತಿದ್ದರು. ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಕೊನೆಗೆ ಬೈರಯ್ಯನ ಗಾಡಿ. ಬೈರಯ್ಯ ಹೊಳೆಯ ದಡದಲ್ಲಿ ಮರಳು ತುಂಬಿಸುತ್ತಿದ್ದ. ಗಾಡಿಯ ಅಚ್ಚಿಗೆ ಹಾಕುವ ಎಣ್ಣೆಯ ಬಿದಿರು ಗೊಟ್ಟ ಮೂಕಿಮರದ ಕೆಳಗೆ ನೇತಾಡುತ್ತಿತ್ತು. ಗೊಟ್ಟದ ಬಾಯಿಗೆ ಒಂದು ಉದ್ದನೆಯ ಬಿರಡೆ.

“ಆ ಬಿರಡೆ ಕೊಡ್ಲಾ ಬೈರ.”

“ಕೊಟ್ಟ ಕೊಸರು ವಾಪಸ್ ಇಸ್ಕೊಳಂಗಾಯ್ತಾ ಅಣ್ಣ ನಿನ್ ಕಾಲ?” ಎಂದ ಬೈರಯ್ಯ. “ಅಂಗಾದ್ರೆ ಓದ್ ವರ್ಸದ ಎಣ್ಣೇನೂ ಲೆಕ್ಕ ಆಕ್ಬುಡು.”

“ನನ್ನ ಮಾನದ ಬಿರಡೆ ಕಣ್ಲಾ ಅದು. ಕೊಡು.”

ಆ ದನಿ ಕೇಳಿ ಬೈರಯ್ಯ ತಮಾಷೆ ಬಿಟ್ಟು ಬಿರಡೆ ಕಿತ್ತುಕೊಟ್ಟ. ಕ್ಯಾಪ್ಟನ್ ಅದನ್ನು ಹೊಳೆಯ ನೀರಿನಲ್ಲಿ ಅದ್ದಿ, ಬೈರಯ್ಯನ ಟವಲಿನಲ್ಲಿ ಒರೆಸಿ, ಬಿಸಿಲಿಗೆ ಹಿಡಿದ. ಒಂದು ಬದಿಯಲ್ಲಿ ಕೋಟೆಯ ಚಿತ್ರ, ಕೋಳಿಯಲ್ಲ. ಸುತ್ತ ಫ್ರೆಂಚ್ ಅಕ್ಷರ. ಕೆಳಗೆ ಕರ್ರಗೆ, ಒಂದು ಅಂಕಿಯೂ ಮಾಸದೆ, 1929. ಬುಡದಲ್ಲಿ ಹಳೆಯ ವೈನಿನ ಕಪ್ಪು ಕರೆ ಒಳಕ್ಕೆ ಇಳಿದಿತ್ತು. ಅಂಥ ಕರೆ ವರ್ಷಗಟ್ಟಲೆ ನೆನೆಯದೆ ಆಗುವುದಿಲ್ಲ.

ಕ್ಯಾಪ್ಟನ್ ಅದನ್ನು ಮೂಗಿಗೆ ಹಿಡಿದ. ಹರಳೆಣ್ಣೆ, ಎತ್ತು, ಕೀಲೆಣ್ಣೆ. ಅವೆಲ್ಲದರ ಅಡಿಯಲ್ಲಿ ಏನೋ ಒಂದು ಸಿಕ್ಕಿರಬೇಕು. ಕಣ್ಣು ಮುಚ್ಚಿ ನಿಂತ.

“ಯಜಮಾನರೇ” ಎಂದ ಕಣ್ಣು ಬಿಟ್ಟು, “ನಿಮ್ಮದು ಅಸಲಿ.”

ಪರಮಶಿವಯ್ಯ ಗಾಡಿಯ ಚಕ್ರ ಹಿಡಿದುಕೊಂಡ.

“ಅಂಗಾದ್ರೆ ಉಳಿ ಯಾಕಾಯ್ತು ಸಾ?”

“ನೀವು ತೆಗೆದು ಗಾಳಿ ಹೊಡೆಸಿದ್ರಿ. ಇಪ್ಪತ್ತೆಂಟು ವರ್ಷ ಮುಚ್ಚಿಟ್ಟ ಮುದುಕನನ್ನು ಎಬ್ಬಿಸಿ ಮಳೆಯಲ್ಲಿ ನಿಲ್ಲಿಸಿದ ಹಾಗೆ. ಅಸಲಿ 1929, ಈಗ ಅಸಲಿ ವಿನಿಗರ್.”

“ಮತ್ತೆ ದೊರೇಗೆ ಕಾಗ್ದ?”

“ಬರೀತೀನಿ. ಎಣ್ಣೆ ವ್ಯಾಪಾರಿ ಹನಿಯೂ ಕದ್ದಿಲ್ಲ, ಬದಲಿಗೆ ಉಪಕಾರ ಮಾಡಿ ಕೊಂದ ಅಂತ.”

ಅಂಗಡಿಗೆ ಮರಳಿದ ಮೇಲೆ ಕ್ಯಾಪ್ಟನ್ ಹೇಳಿದಂತೆ ಪರಮಶಿವಯ್ಯ ಸೀಸೆಗಳನ್ನು ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದ. ಕೆಟ್ಟ ಮಾಲು ಯಾಕೆ ಸಾ ಎಂದು ಕೇಳಿದ್ದಕ್ಕೆ, ತಾನೇನು ಅದನ್ನು ಕುಡಿಯುವುದಿಲ್ಲವಲ್ಲ ಎಂದ ಕ್ಯಾಪ್ಟನ್. ಸಣ್ಣಯ್ಯನನ್ನು ಪೊಲೀಸಿಗೆ ಕೊಡುತ್ತೀರಾ ಎಂದು ಚೆನ್ನಯ್ಯ ಕೇಳಿದ. ಕ್ಯಾಪ್ಟನ್ ಮೀಸೆ ತಿರುವಿದ.

“ಮೊದಲು ಹೋಗಿ ಬೈದು ಬರಬೇಕು. ಹಾಗೇ ಇನ್ನೂ ಆರು ಸೀಸೆ ತರಬೇಕು. ಮನೆಗೆ ಬಂದೋರಿಗೆ ಕೊಡೋದಕ್ಕೆ ಅದೇ ವಾಸಿ.”

ಅಷ್ಟರಲ್ಲಿ ಅವನ ಕಣ್ಣು ಹಲಗೆಯ ಮೇಲಿನ ಎರಡು ಹಸಿರು ಸೀಸೆಗಳ ಮೇಲೆ ಬಿತ್ತು. ಚೀಟಿ ಹಾಗೇ ಇತ್ತು, ಎಣ್ಣೆ ಹಿಡಿದು ಇನ್ನಷ್ಟು ಮುದಿಯಾಗಿ ಕಾಣುತ್ತಿತ್ತು. ಒಂದು ಅರ್ಧ ಖಾಲಿ, ಇನ್ನೊಂದು ಮುಕ್ಕಾಲು.

“ಹನ್ನೆರಡೂ ಇವೆ ಅನ್ನಿ” ಎಂದ ಕ್ಯಾಪ್ಟನ್.

“ಅದೇ ನನ್ಗೂ ಕೊರೀತಿತ್ತು ಸಾ. ದೊರೆ ಕೊಟ್ಟಿದ್ದು ಅನ್ನೆರಡು, ನಿಮ್ಗೆ ಅತ್ತು ಕೊಡ್ತಿದ್ದೀನಿ. ಇವೆರಡನ್ನೂ ತಕಂಡೋಗಿ. ಎಣ್ಣೆ ಬಗ್ಗಿಸ್ಕೊಡ್ತೀನಿ.”

“ಬಗ್ಗಿಸಬೇಡಿ. ಖಾಲಿ ಸೀಸೆ ಯಾರು ನೋಡ್ತಾರೆ? ಎಣ್ಣೆ ಇರಲಿ, ಇನ್ನಷ್ಟು ಹಾಕಿ. ಕ್ರಿಸ್ಮಸ್‌ಗೆ ಊಟಿ ಕರ್ನಲ್ ಬರ್ತಾನೆ. ಗಾಜು ಕಪ್ಪು ಹಸಿರು, ಒಳಗಿರೋದು ಹರಳೆಣ್ಣೆ ಅಂತ ಕಾಣೋದಿಲ್ಲ.”

“ಅದು ಮೋಸ ಅಲ್ವಾ ಸಾ?”

“ಸೀಸೆ ಅಸಲಿ, ಚೀಟಿ ಅಸಲಿ, ಬಿರಡೆ ಅಸಲಿ” ಎಂದು ಕ್ಯಾಪ್ಟನ್ ಬೈರಯ್ಯನ ಬಿರಡೆಯನ್ನು ಎತ್ತಿ ತೋರಿಸಿದ. “ನಿಮ್ಮ ಹರಳೆಣ್ಣೆ?”

“ಗಾಣದ್ದು ಸಾ. ಒಂದನಿ ಬೆರಕೆ ಇಲ್ಲ.”

“ಮತ್ತೆ? ಎಲ್ಲಾ ಅಸಲಿ. ಒಂದೇ ಮಾತು, ಕತ್ತಿನಿಂದ ಮೂರು ಬೆರಳು ಕೆಳಗೆ ಇರಲಿ. ಕರ್ನಲ್ ಮೊದಲು ನೋಡೋದೇ ಅದನ್ನ.”

ಪರಮಶಿವಯ್ಯ ಲಾಳಿಕೆ ಇಟ್ಟು ಪಾವಿನಿಂದ ಎಣ್ಣೆ ಸುರಿದ. ಹೆಗಲು ತುಂಬಿತು. ಕತ್ತಿಗೆ ಮೂರು ಬೆರಳು ಇರುವಾಗ ಕೈ ನಿಂತಿತು. ಬಾಗಿಲಲ್ಲಿ ಪುಟ್ಟತಾಯಮ್ಮ, ಬೀದಿಯಲ್ಲಿ ಚೆನ್ನಯ್ಯ ಮತ್ತು ಅರ್ಧ ಪೇಟೆ ನೋಡುತ್ತಿದ್ದರು. ಅವನು ಪಾವನ್ನು ಬಗ್ಗಿಸಿ ಎಣ್ಣೆ ಕಂಠ ಮುಟ್ಟುವವರೆಗೆ ಸುರಿದ.

“ತಪ್ಪು ತಿಳ್ಕಬ್ಯಾಡಿ ಸಾ. ಕೈ ಬರಾಕಿಲ್ಲ.”

“ಕರ್ನಲ್ ನಂಬೋದಿಲ್ಲ ಯಜಮಾನರೇ.”

“ನಂಬ್ದಿದ್ರೆ ಬಿಡ್ಲಿ. ಇವತ್ತಲ್ಲ ನಾಳೆ ಬಿರಡೆ ತೆಗೀತಾನೆ. ಅರಳೆಣ್ಣೆ ಅಂತ ಗೊತ್ತಾದ್ರೆ ಯಾರಂಗ್ಡೀದು ಅಂತ ಕೇಳ್ತಾನೆ. ನೀವು ನನ್ನೆಸ್ರು ಯೋಳ್ತೀರಿ. ಆಗ ಕಮ್ಮಿ ಇತ್ತು ಅನ್ಬಾರ್ದು.”

ಕ್ಯಾಪ್ಟನ್ ಹೋಗಿ ಜೀಪಿನಲ್ಲಿ ಕೂತು ಎಂಜಿನ್ ಸುರು ಮಾಡಿದ. ಪರಮಶಿವಯ್ಯ ಎರಡನೆಯ ಸೀಸೆಯ ಮೇಲೆ ಪಾವನ್ನು ಬೋರಲು ಹಿಡಿದು ನಿಂತಿದ್ದ. ಅಂಚಿನಲ್ಲಿ ಕೊನೆಯ ಹನಿ ಇನ್ನೂ ನೇತಾಡುತ್ತಿತ್ತು.